ಕ್ಷಯರೋಗದ ಗಣಿತವೂ ಗ್ರಾಮಗಳ ಋಣವೂ

(ಚನ್ನರಾಯಪಟ್ಟಣದಲ್ಲಿ ಭಕ್ತಸಮುದಾಯದ ಮುಂದೆ ಮಾಡಲಾದ ಉಪನ್ಯಾಸ)



ಮಹೋತ್ಸವದ ಸಂದರ್ಭಗಳಲ್ಲಿ ಧರ್ಮವಿಚಾರವಾಗಿಯೂ ಸಾಹಿತ್ಯವಿಚಾರವಾಗಿಯೂ ಉಪನ್ಯಾಸಗಳು ನಡೆಯುವುದು ವಾಡಿಕೆ. ರೋಗದ ವಿಚಾರ, ಹಣದ ವಿಚಾರ, ಲೆಕ್ಕ ಮಾಡುವ ಯಂತ್ರದ ವಿಚಾರ, ಈ ಮೂರನ್ನೂ ಒಂದೇ ಕಡೆ ಕೂಡಿಸಿ ಹೇಳುವುದು ಕೆಲವರಿಗೆ ವಿಚಿತ್ರವೆಂದು ತೋರಬಹುದು. ಆದರೆ ಬಡವನ ಮನೆಗೆ ಈ ಮೂರೂ ಯಾವಾಗಲೂ ಕೂಡಿಯೇ ಬರುತ್ತವೆ. ಮನೆಯ ಯಜಮಾನನು ಹಾಸಿಗೆ ಹಿಡಿದನೆಂದರೆ ಅಂದಿನಿಂದಲೇ ಕೂಲಿ ನಿಲ್ಲುವುದು. ಕೂಲಿ ನಿಂತೊಡನೆ ಸಾಲ ಬಾಗಿಲಿಗೆ ಬರುವುದು. ಸಾಲ ಬಂದಮೇಲೆ ಮನೆಯಾಕೆಯು ರಾತ್ರಿ ಒಲೆ ಆರಿಸಿ ಕುಳಿತು, ಔಷಧಕ್ಕೆ ಎಷ್ಟು, ಅಕ್ಕಿಬೇಳೆಗೆ ಎಷ್ಟು, ಮಕ್ಕಳ ಪುಸ್ತಕಕ್ಕೆ ಏನು ಉಳಿದೀತು ಎಂದು ಬೆರಳೆಣಿಸುವಳು. ವಿದ್ವಾಂಸರು ದೊಡ್ಡ ಸಂಸ್ಥೆಗಳಲ್ಲಿ ಕುಳಿತು ಗಣಕಯಂತ್ರಗಳಿಂದ ಮಾಡುವ ಲೆಕ್ಕವು ಆ ತಾಯಿಯ ಬೆರಳೆಣಿಕೆಯ ವಿಸ್ತಾರವೇ ಹೊರತು ಬೇರೆಯದಲ್ಲ. ಯಾವ ರೋಗಕ್ಕೆ ಎಷ್ಟು ವೆಚ್ಚ ಮಾಡಿದರೆ ಎಷ್ಟು ಪ್ರಾಣ ಉಳಿದೀತು ಎಂಬುದೇ ಎರಡು ಕಡೆಯ ಪ್ರಶ್ನೆಯೂ ಆಗಿದೆ.

ಈ ಬಗೆಯ ಶಾಸ್ತ್ರವನ್ನು ದೂರದೇಶದ ಸಂಗತಿಯೆಂದು ಭಾವಿಸುವವರು ಬಹುಮಂದಿ. ಆದರೆ ಕ್ಷಯರೋಗದ ವಿಷಯದಲ್ಲಿ ಗಣಿತದ ಮೊದಮೊದಲ ಪ್ರಯತ್ನಗಳಲ್ಲಿ ಒಂದು ಬೆಂಗಳೂರಿನಲ್ಲಿಯೇ ನಡೆಯಿತು. ಮತ್ತು ಆ ರೋಗದ ಶಾಸ್ತ್ರಕ್ಕೆ ಅತ್ಯಂತ ಬೆಲೆಯುಳ್ಳ ಅಂಕಿಗಳನ್ನು ಒದಗಿಸಿದವರು ಇದೇ ಸೀಮೆಯ ಹಳ್ಳಿಗಳ ಜನರು. ಹಾಸನದ ಕಡೆಯ ಚನ್ನರಾಯಪಟ್ಟಣವು ಬೇರೆ. ದೇವನಹಳ್ಳಿ ತಾಲ್ಲೂಕಿಗೆ ಸೇರಿದ ಈ ಚನ್ನರಾಯಪಟ್ಟಣ ಹೋಬಳಿಯು ೧೯೮೬ರಲ್ಲಿ ಗ್ರಾಮಾಂತರ ಜಿಲ್ಲೆಯು ಪ್ರತ್ಯೇಕವಾಗುವವರೆಗೂ ಅವಿಭಕ್ತ ಬೆಂಗಳೂರು ಜಿಲ್ಲೆಯ ಅಂಗವಾಗಿದ್ದಿತು. ಆ ಜಿಲ್ಲೆಯ ಹಳ್ಳಿಗಳು ಪ್ರಪಂಚಕ್ಕೆ ಏನನ್ನು ಕೊಟ್ಟವು, ಪ್ರತಿಯಾಗಿ ಅವುಗಳಿಗೆ ಸಲ್ಲಬೇಕಾದುದೇನು ಎಂಬುದನ್ನು ವಿಚಾರಿಸುವುದೇ ಪ್ರಕೃತ ಉಪನ್ಯಾಸದ ಉದ್ದೇಶ.

ಕ್ಷಯವು ಬಹು ಪುರಾತನವಾದ ರೋಗ. ಅರಮನೆ, ಗುಡಿಸಲು ಎಂಬ ಭೇದ ಅದಕ್ಕೆ ಇಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರವರ ಸೋದರಿಯರಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರು ಈ ರೋಗಕ್ಕೆ ತುತ್ತಾದರು. ಮೈಸೂರಿನ ಕ್ಷಯರೋಗ ಆಸ್ಪತ್ರೆಯು ಇಂದಿಗೂ ಅವರ ಹೆಸರನ್ನು ಧರಿಸಿ ನಿಂತಿದೆ. ರೋಗಕ್ಕೆ ಕಾರಣವಾದ ಸೂಕ್ಷ್ಮಾಣುವನ್ನು ಜರ್ಮನಿಯ ರಾಬರ್ಟ್ ಕಾಖ್ ಎಂಬ ವೈದ್ಯನು ೧೮೮೨ರ ಮಾರ್ಚ್ ೨೪ರಂದು ಲೋಕಕ್ಕೆ ಪ್ರಕಟಪಡಿಸಿದನು. ಅದಕ್ಕೆ ತಕ್ಕ ಔಷಧವಾದ ಸ್ಟ್ರೆಪ್ಟೋಮೈಸಿನ್ ದೊರೆತದ್ದು ೧೯೪೩ರಲ್ಲಿ. ನಡುವಣ ಅರುವತ್ತು ವರ್ಷಗಳು ಶತ್ರುವಿನ ಗುರುತು ಸಿಕ್ಕಿಯೂ ಕೈಯಲ್ಲಿ ಆಯುಧವಿಲ್ಲದ ಕಾಲ. ಶುದ್ಧವಾದ ಗಾಳಿ, ವಿಶ್ರಾಂತಿ, ಒಳ್ಳೆಯ ಆಹಾರ ಇವಿಷ್ಟೇ ಅಂದಿನ ಚಿಕಿತ್ಸೆ. ಅದೂ ಸಿರಿವಂತರಿಗೆ ಮಾತ್ರ ಸಾಧ್ಯವಾದುದು.

ಔಷಧವು ಬಂದಮೇಲೆ ಬೇರೊಂದು ತೊಡಕು ತಲೆದೋರಿತು. ಲಕ್ಷಾಂತರ ರೋಗಿಗಳಿರುವ ಬಡ ದೇಶದಲ್ಲಿ ಹಾಸಿಗೆಗಳನ್ನು ಎಲ್ಲಿಂದ ತರುವುದು? ಮದರಾಸಿನಲ್ಲಿ ನಡೆದ ಪರೀಕ್ಷೆಯೊಂದು ೧೯೫೯ರಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಕ್ರಮವಾಗಿ ಔಷಧ ಸೇವಿಸಿದಲ್ಲಿ, ಆರೋಗ್ಯಧಾಮದಲ್ಲಿ ಮಲಗಿದವನಂತೆಯೇ ತನ್ನ ಮನೆಯಲ್ಲಿದ್ದ ಬಡ ರೋಗಿಯೂ ಗುಣಹೊಂದುವನೆಂದು ಅಲ್ಲಿ ಸಿದ್ಧವಾಯಿತು. ಹಾಗಾದರೆ ದೇಶಕ್ಕೆಲ್ಲ ಹೊಂದುವಂತಹ ಅಗ್ಗವೂ ಸಾಧ್ಯವೂ ಆದ ಕ್ರಮ ಯಾವುದು? ಇದನ್ನು ಕಂಡುಹಿಡಿಯುವುದಕ್ಕೋಸ್ಕರವೇ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ೧೯೫೯ರಲ್ಲಿ ಸ್ಥಾಪಿತವಾಯಿತು. ೧೯೬೦ರ ಸೆಪ್ಟೆಂಬರ್ ೧೬ರಂದು ಪ್ರಧಾನಮಂತ್ರಿ ಜವಾಹರಲಾಲ್ ನೆಹರೂರವರು ಅದನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದರು.

ಆ ಸಂಸ್ಥೆಯ ಮೊದಲ ವರ್ಷಗಳ ಕೆಲಸದಲ್ಲಿ ಒಂದು ವಿಶೇಷವಿತ್ತು. ವೈದ್ಯರು, ಸಂಖ್ಯಾಶಾಸ್ತ್ರಜ್ಞರು, ಸಮಾಜವಿಚಾರವನ್ನು ಬಲ್ಲವರು ಒಂದೇ ಸೂರಿನಡಿ ಕುಳಿತು ಒಂದೇ ರೋಗವನ್ನು ಬೇರೆಬೇರೆ ಕಡೆಯಿಂದ ನೋಡಿದರು. ದೇಬಾಬರ್ ಬ್ಯಾನರ್ಜಿ ಎಂಬ ಭಾರತೀಯ ವೈದ್ಯರೂ ಸ್ಟಿಗ್ ಆಂಡರ್ಸನ್ ಎಂಬವರೂ ತುಮಕೂರು ಜಿಲ್ಲೆಯ ರೋಗಿಗಳನ್ನು ಅವರವರ ಮನೆಗಳಲ್ಲಿಯೇ ಕಂಡು ವಿಚಾರಿಸಿ, ೧೯೬೩ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಹಳ್ಳಿಗನು ಅಜ್ಞಾನಿ, ರೋಗವನ್ನು ಲಕ್ಷಿಸನು, ಆಸ್ಪತ್ರೆಗೆ ಹೋಗನು ಎಂಬುದಾಗಿ ಪಟ್ಟಣದ ವಿದ್ಯಾವಂತರು ಅಂದಿನವರೆಗೆ ನಂಬಿದ್ದರು. ವಿಚಾರಿಸಿ ನೋಡಲಾಗಿ ಸಂಗತಿ ಬೇರೆಯೇ ಆಗಿತ್ತು. ರೋಗಿಗಳಲ್ಲಿ ಬಹುಪಾಲು ಜನರಿಗೆ ತಮ್ಮ ಕೆಮ್ಮು ಜ್ವರಗಳ ಅರಿವು ಚೆನ್ನಾಗಿಯೇ ಇತ್ತು; ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ವೈದ್ಯರ ಬಳಿಗೆ ಹೋಗಿ ಬಂದೂ ಇದ್ದರು. ಹೋದವರಿಗೆ ಅಲ್ಲಿ ದೊರೆತದ್ದು ಕೆಮ್ಮಿನ ಔಷಧದ ಒಂದು ಸೀಸೆ. ಕಫವನ್ನು ಪರೀಕ್ಷಿಸುವ ಏರ್ಪಾಡು ಹತ್ತಿರದಲ್ಲಿ ಇರಲಿಲ್ಲ. ತಪ್ಪು ಹಳ್ಳಿಗನದಾಗಿರದೆ ವ್ಯವಸ್ಥೆಯದಾಗಿತ್ತು. ಸಾಮಾನ್ಯ ಆರೋಗ್ಯಕೇಂದ್ರಗಳಲ್ಲಿಯೇ ಸೂಕ್ಷ್ಮದರ್ಶಕವನ್ನಿಟ್ಟು, ಕೆಮ್ಮಿಕೊಂಡು ಬಂದವರ ಕಫವನ್ನು ಅಲ್ಲಿಯೇ ಪರೀಕ್ಷಿಸಬೇಕೆಂಬುದು ೧೯೬೨ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮದ ಮೂಲಸೂತ್ರವಾಯಿತು. ಬಡವನ ಮಾತನ್ನು ಕೇಳಿ ಬರೆದುಕೊಂಡ ಲೆಕ್ಕವು ದೇಶದ ಕ್ರಮವನ್ನೇ ತಿದ್ದಿದ ಬಗೆ ಇದು.

ಅದೇ ೧೯೬೨ರಲ್ಲಿ ನಾರ್ವೆ ದೇಶದ ಸಂಖ್ಯಾಶಾಸ್ತ್ರಜ್ಞ ಹ್ಯಾನ್ಸ್ ವಾಲರ್ ಎಂಬವರು, ಸಂಸ್ಥೆಯಲ್ಲಿದ್ದ ಗೆಸರ್, ಆಂಡರ್ಸನ್ ಎಂಬವರೊಡಗೂಡಿ, ಕ್ಷಯರೋಗದ ಹರಡುವಿಕೆಯನ್ನು ಗಣಿತದ ಮಾದರಿಯಲ್ಲಿ ನಿರೂಪಿಸುವ ಲೇಖನವನ್ನು ಅಮೆರಿಕದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ರೋಗವನ್ನು ಗಣಿತಕ್ಕೆ ತರುವ ಯತ್ನವು ಅದಕ್ಕೂ ಮುಂಚೆ ಇಲ್ಲದೆ ಇರಲಿಲ್ಲ. ೧೭೬೦ರಷ್ಟು ಹಿಂದೆಯೇ ಡ್ಯಾನಿಯೆಲ್ ಬರ್ನೂಲಿ ಎಂಬ ಪಂಡಿತನು, ಸಿಡುಬಿಗೆ ಮುಂಜಾಗ್ರತೆಯ ಚುಚ್ಚುಮದ್ದು ಹಾಕಿಸಿದರೆ ಜನರ ಸರಾಸರಿ ಆಯುಸ್ಸು ಸುಮಾರು ಮೂರು ವರ್ಷ ಹೆಚ್ಚುವುದೆಂದು ಲೆಕ್ಕಮಾಡಿ ತೋರಿಸಿದ್ದನು. ಕೆರ್ಮ್ಯಾಕ್, ಮೆಕ್‌ಕೆಂಡ್ರಿಕ್ ಎಂಬಿಬ್ಬರು ೧೯೨೭ರಲ್ಲಿ ಸಾಂಕ್ರಾಮಿಕಗಳ ಏರಿಳಿತಕ್ಕೆ ಸಮೀಕರಣಗಳನ್ನು ಬರೆದು, ೧೯೦೫-೦೬ರ ಮುಂಬಯಿಯ ಪ್ಲೇಗಿನ ಮರಣಸಂಖ್ಯೆಯೊಡನೆ ಅವನ್ನು ಹೋಲಿಸಿ ನೋಡಿದ್ದರು. ಪ್ಲೇಗು ಬೇಸಗೆಯ ಬೆಂಕಿಯಂತೆ ಬಂದು ಹೋಗುವ ರೋಗ. ಕ್ಷಯವಾದರೋ ಬೂದಿ ಮುಚ್ಚಿದ ಕೆಂಡ. ದೇಹವನ್ನು ಸೇರಿದ ಸೂಕ್ಷ್ಮಾಣು ಇಪ್ಪತ್ತು ಮೂವತ್ತು ವರ್ಷ ಸುಮ್ಮನಿದ್ದು ಆಮೇಲೆ ತಲೆಯೆತ್ತಬಹುದು. ಅದರ ಗಣಿತವೂ ಅಷ್ಟೇ ತಾಳ್ಮೆಯದಾಗಿರಬೇಕು.

ಆ ಗಣಿತವು ಹೇಗಿರುವುದೆಂದು ತಿಳಿಯುವುದು ಕಷ್ಟವಲ್ಲ. ಈ ಸೀಮೆಯು ಕೆರೆಗಳ ಸೀಮೆ. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ನೀರು ಕೆಳಗಿನ ಕೆರೆಗೆ ಇಳಿಯುವುದು. ಅಲ್ಲಿಂದ ಮತ್ತೂ ಕೆಳಕ್ಕೆ ಸಾಗುವುದು. ಜನಸಮೂಹವನ್ನೂ ಹಾಗೆಯೇ ಕೆರೆಗಳ ಸಾಲೆಂದು ಭಾವಿಸಬೇಕು. ಸೋಂಕು ತಾಗದೆ ಇರುವವರು ಮೊದಲನೆಯ ಕೆರೆ. ಸೋಂಕು ತಾಗಿಯೂ ರೋಗಿಗಳಾಗದವರು ಎರಡನೆಯದು. ರೋಗವು ಕಾಣಿಸಿಕೊಂಡು ಕೆಮ್ಮಿನಿಂದ ಇತರರಿಗೂ ಹರಡುತ್ತಿರುವವರು ಮೂರನೆಯದು. ಗುಣಹೊಂದಿದವರದು ನಾಲ್ಕನೆಯದು. ಪ್ರತಿ ವರ್ಷವೂ ಒಂದು ಕೆರೆಯಿಂದ ಇನ್ನೊಂದಕ್ಕೆ ಎಷ್ಟು ಮಂದಿ ಇಳಿಯುವರು, ಎಷ್ಟು ಮಂದಿ ಮರಣಹೊಂದುವರು, ಎಷ್ಟು ಶಿಶುಗಳು ಹುಟ್ಟಿ ಮೊದಲನೆಯ ಕೆರೆಗೆ ಬಂದು ಸೇರುವವು ಎಂಬುದು ತಿಳಿದರೆ, ಹತ್ತು ವರ್ಷದ ಮೇಲೆ, ಐವತ್ತು ವರ್ಷದ ಮೇಲೆ ಯಾವ ಕೆರೆಯಲ್ಲಿ ಎಷ್ಟು ನೀರಿರುವುದೆಂದು ಲೆಕ್ಕಹಾಕಬಹುದು. ಯಾವ ತೂಬನ್ನು ಮುಚ್ಚಿದರೆ ಕೆಳಗಿನ ಕೆರೆ ಬೇಗ ಬತ್ತುವುದೆಂದೂ ಕಾಗದದ ಮೇಲೆಯೇ ಪರೀಕ್ಷಿಸಬಹುದು. ಮನುಷ್ಯರ ಮೇಲೆ ಪ್ರಯೋಗಿಸಿ ನೋಡಲಾಗದ್ದನ್ನು ಲೆಕ್ಕದ ಮೇಲೆ ಪ್ರಯೋಗಿಸಿ ನೋಡುವುದೇ ಈ ವಿದ್ಯೆಯ ದೊಡ್ಡ ಪ್ರಯೋಜನ.

ಆದರೆ ಪ್ರತಿಯೊಂದು ತೂಬಿನಿಂದಲೂ ಎಷ್ಟು ನೀರು ಹರಿಯುವುದೆಂಬುದನ್ನು ಊಹೆಯಿಂದ ಹೇಳುವಂತಿಲ್ಲ; ಹಳ್ಳಿಗೆ ಹೋಗಿ ಎಣಿಸಿಯೇ ತಿಳಿಯಬೇಕು. ಅದನ್ನು ಎಣಿಸಿದ್ದು ಬೆಂಗಳೂರು ಜಿಲ್ಲೆಯಲ್ಲಿ. ೧೯೬೧ರಿಂದ ೧೯೬೮ರವರೆಗೆ ಸಂಸ್ಥೆಯವರು ಜಿಲ್ಲೆಯ ಮೂರು ತಾಲ್ಲೂಕುಗಳಿಂದ ೧೧೯ ಗ್ರಾಮಗಳನ್ನು ಚೀಟಿ ಎತ್ತುವ ಕ್ರಮದಲ್ಲಿ ಆಯ್ದು, ಒಂದೊಂದು ಗ್ರಾಮಕ್ಕೂ ಐದು ವರ್ಷದ ಅವಧಿಯಲ್ಲಿ ನಾಲ್ಕು ಸಲ ಹೋದರು. ಮನೆಮನೆಯ ಜನರ ಹೆಸರು, ವಯಸ್ಸು ಬರೆದುಕೊಂಡರು. ಕೈಗೆ ಟ್ಯೂಬರ್‌ಕ್ಯುಲಿನ್ ಚುಚ್ಚಿ ಸೋಂಕನ್ನು ಪರೀಕ್ಷಿಸಿದರು. ಐದು ವರ್ಷ ಮೀರಿದವರಿಗೆಲ್ಲ ಎದೆಯ ಕ್ಷಕಿರಣಚಿತ್ರ ತೆಗೆದರು. ಚಿತ್ರದಲ್ಲಿ ಅನುಮಾನ ಕಂಡವರ ಕಫವನ್ನು ಪರೀಕ್ಷೆಗೆ ಒಯ್ದರು. ಗದ್ದೆಯ ಕೆಲಸ ಬಿಟ್ಟು, ಅಂದಿನ ಕೂಲಿ ಬಿಟ್ಟು, ಹಸುಗೂಸುಗಳನ್ನು ಎತ್ತಿಕೊಂಡು ಸಾಲಿನಲ್ಲಿ ನಿಂತವರು ರೈತರು, ಕೂಲಿಯವರು, ಹೆಂಗಸರು. ತಾವು ಒಂದು ಶಾಸ್ತ್ರಕ್ಕೆ ಅಡಿಗಲ್ಲು ಇಡುತ್ತಿರುವೆವೆಂದು ಅವರಲ್ಲಿ ಯಾರೂ ಭಾವಿಸಿರಲಾರರು.

ಈ ಸಮೀಕ್ಷೆಯ ಫಲಿತಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯು ೧೯೭೪ರಲ್ಲಿ ಪ್ರಕಟಿಸಿತು. ಅದರಲ್ಲಿನ ಒಂದು ಭಾಗವನ್ನು ಓದುವಾಗ ಮನಸ್ಸು ಭಾರವಾಗದೆ ಇರದು. ಮೊದಲನೆಯ ಸುತ್ತಿನಲ್ಲಿ ಕಫದಲ್ಲಿ ರೋಗಾಣು ಕಂಡುಬಂದ ೧೨೬ ಜನರು ಐದು ವರ್ಷದ ಕೊನೆಗೆ ಏನಾದರೆಂದು ಅಲ್ಲಿ ಬರೆದಿದೆ. ನೂರಕ್ಕೆ ೪೯ ಮಂದಿ ಮೃತರಾಗಿದ್ದರು. ನೂರಕ್ಕೆ ಸುಮಾರು ೩೩ ಮಂದಿ ತಮ್ಮಷ್ಟಕ್ಕೆ ತಾವೇ ಗುಣಹೊಂದಿದ್ದರು. ಉಳಿದ ೧೮ ಮಂದಿ ಇನ್ನೂ ರೋಗಿಗಳಾಗಿಯೇ ಇದ್ದು, ಸುತ್ತಲಿನವರಿಗೆ ಸೋಂಕನ್ನು ಹರಡುತ್ತಿದ್ದರು. ಫಲಕಾರಿಯಾದ ಚಿಕಿತ್ಸೆಯ ಏರ್ಪಾಡು ಹಳ್ಳಿಗಳನ್ನು ಇನ್ನೂ ಮುಟ್ಟದೆ ಇದ್ದ ಕಾಲವದು. ಆದುದರಿಂದಲೇ, ಚಿಕಿತ್ಸೆ ದೊರೆಯದಿದ್ದರೆ ಕ್ಷಯರೋಗಿಗೆ ಏನಾಗುವುದೆಂಬ ಪ್ರಶ್ನೆ ಬಂದಾಗ, ಬೆಂಗಳೂರು ಜಿಲ್ಲೆಯ ಈ ಅಂಕಿಗಳನ್ನೇ ಪಂಡಿತರು ಗ್ರಂಥಗಳಲ್ಲಿ ಎತ್ತಿ ಹೇಳುತ್ತ ಬಂದಿರುವರು. ಸತ್ತವರು ಹಿಂದಿರುಗಿ ಬರಲಿಲ್ಲ. ಅವರ ಲೆಕ್ಕವು ಮಾತ್ರ ಉಳಿದು, ಮುಂದಿನ ಪೀಳಿಗೆಯ ಚಿಕಿತ್ಸೆಗೆ ದಾರಿ ತೋರಿತು. ಸಾಲ ಕೊಟ್ಟವನು ಪತ್ರ ಬರೆಸಿಕೊಳ್ಳದಿದ್ದರೂ ಸಾಲ ಸಾಲವೇ. ವಿದ್ಯಾವಂತ ಪ್ರಪಂಚವು ಈ ಹಳ್ಳಿಗಳಿಗೆ ಋಣಿಯಾಗಿದೆ.

ಇನ್ನು ಹಣದ ವಿಚಾರಕ್ಕೆ ಬರುವುದು ಯುಕ್ತ. ಇಂದು ಕೈಗೆ ಬರುವ ನೂರು ರೂಪಾಯಿಯೂ ಹತ್ತು ವರ್ಷದ ಮೇಲೆ ಬರುವ ನೂರು ರೂಪಾಯಿಯೂ ಸಮವಲ್ಲವೆಂಬುದು ಬಡ್ಡಿಯನ್ನು ಬಲ್ಲವರಿಗೆಲ್ಲ ತಿಳಿದದ್ದೇ. ಹಾಗಾದರೆ ಇಂದು ಉಳಿಸಿದ ಪ್ರಾಣಕ್ಕೂ ಇಪ್ಪತ್ತು ವರ್ಷದ ಮೇಲೆ ಉಳಿಯಲಿರುವ ಪ್ರಾಣಕ್ಕೂ ತೂಕದಲ್ಲಿ ಭೇದವುಂಟೆ? ವಾಲರ್ ಮತ್ತು ಪಿಯೋ ಎಂಬಿಬ್ಬರು ೧೯೬೯, ೧೯೭೦ರ ಸುಮಾರಿಗೆ ಈ ಕಠಿಣವಾದ ಪ್ರಶ್ನೆಯನ್ನು ಕ್ಷಯರೋಗದ ಗಣಿತಕ್ಕೆ ಜೋಡಿಸಿದರು. ಶಿಶುಗಳಿಗೆ ಬಿ.ಸಿ.ಜಿ. ಹಾಕಿಸಿದರೆ ಫಲವು ಬಹುಕಾಲದ ಮೇಲೆ ಬರುವುದು. ಕೆಮ್ಮುತ್ತಿರುವ ರೋಗಿಯನ್ನು ಹುಡುಕಿ ಚಿಕಿತ್ಸೆ ಕೊಟ್ಟರೆ ಫಲವು ಕೂಡಲೇ ದೊರೆಯುವುದು. ಭವಿಷ್ಯಕ್ಕೆ ಹೆಚ್ಚು ತೂಕ ಕೊಟ್ಟರೆ ಮೊದಲನೆಯದು ಮೇಲಾಗಿ ಕಾಣುವುದು. ವರ್ತಮಾನಕ್ಕೆ ಹೆಚ್ಚು ತೂಕ ಕೊಟ್ಟರೆ ಎರಡನೆಯದು. ತಕ್ಕಡಿಯ ಮುಳ್ಳು ಎತ್ತ ವಾಲಿತೆಂದು ಗಣಿತವು ಹೇಳಬಲ್ಲುದು. ಯಾವ ತಟ್ಟೆಗೆ ಎಷ್ಟು ಮಾನ ಕೊಡಬೇಕೆಂಬುದು ಧರ್ಮವಿವೇಚನೆಗೆ ಸೇರಿದ್ದು. ಅದನ್ನು ಯಂತ್ರಕ್ಕೆ ಒಪ್ಪಿಸುವಂತಿಲ್ಲ.

ಲೆಕ್ಕ ಎಷ್ಟೇ ನಿರ್ದುಷ್ಟವಾಗಿರಲಿ, ಅದರ ತಳಹದಿಯಲ್ಲಿರುವ ನಂಬಿಕೆ ಸಡಿಲವಾದರೆ ಫಲಿತವೂ ಸಡಿಲವಾಗುವುದು. ಇದಕ್ಕೆ ಬಿ.ಸಿ.ಜಿ.ಯ ಕಥೆಯೇ ಸಾಕ್ಷಿ. ಅದು ದೊಡ್ಡವರ ಶ್ವಾಸಕೋಶದ ಕ್ಷಯವನ್ನು ಬಲವಾಗಿ ತಡೆಯುವುದೆಂಬ ಆಶೆಯು ಬಹುಮಂದಿಗೆ ಇತ್ತು. ಮದರಾಸಿನ ಬಳಿಯ ಚೆಂಗಲ್ಪಟ್ಟು ಸೀಮೆಯಲ್ಲಿ ೧೯೬೮ರಲ್ಲಿ ಆರಂಭಿಸಿದ ಬಹು ದೊಡ್ಡ ಪರೀಕ್ಷೆಯು, ಏಳೂವರೆ ವರ್ಷಗಳ ಅವಲೋಕನದ ತರುವಾಯ, ಆ ಆಶೆಯನ್ನು ಸಮರ್ಥಿಸಲಿಲ್ಲ. ಎಳೆಯ ಮಕ್ಕಳ ಮೆದುಳಿನ ಕ್ಷಯದಂತಹ ಘೋರ ವಿಪತ್ತುಗಳಿಗೆ ಅದು ಇಂದಿಗೂ ಉಪಯುಕ್ತವಾದುದರಿಂದ ಶಿಶುಗಳಿಗೆ ಹಾಕಿಸುತ್ತಿರುವರು. ಆದರೆ ಅದೊಂದರ ಬಲದಿಂದಲೇ ಗ್ರಾಮದ ಕ್ಷಯವು ಅಡಗುವುದೆಂಬ ಎಣಿಕೆಯನ್ನು ಕೈಬಿಡಬೇಕಾಯಿತು. ಮಾದರಿಯು ಪ್ರಶ್ನೆ ಕೇಳುವುದು. ಹೊಲದಲ್ಲಿ ನಡೆದ ಪರೀಕ್ಷೆ ಉತ್ತರ ಕೊಡುವುದು. ಆ ಉತ್ತರದಿಂದ ಮಾದರಿಯನ್ನು ತಿದ್ದುವುದು. ಶಾಸ್ತ್ರವು ಮುಂದೆ ಸಾಗುವುದು ಈ ಬಗೆಯಲ್ಲಿ.

ಕಾಗದದ ಲೆಕ್ಕವು ಕ್ರಮೇಣ ಗಣಕಯಂತ್ರಕ್ಕೆ ವಶವಾಯಿತು. ಸ್ಟಾನಿಸ್ಲಾ ಉಲಾಮ್ ಎಂಬ ಗಣಿತಜ್ಞನು ೧೯೪೬ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತ ಒಬ್ಬನೇ ಇಸ್ಪೀಟು ಆಡುತ್ತಿದ್ದಾಗ, ಆಟವು ಗೆಲ್ಲುವ ಸಂಭವ ಎಷ್ಟೆಂದು ಸೂತ್ರದಿಂದ ತಿಳಿಯಲಾರದೆ ಹೋದರೂ, ನೂರಾರು ಸಲ ಆಡಿ ಎಣಿಸಿದರೆ ತಿಳಿಯಬಹುದಲ್ಲವೇ ಎಂದು ಆಲೋಚಿಸಿದನು. ನೂರಾರು ಸಲವಲ್ಲ, ಲಕ್ಷಾಂತರ ಸಲ ಆಡುವ ಶಕ್ತಿ ಗಣಕಯಂತ್ರಕ್ಕೆ ಉಂಟು. ಯಂತ್ರದೊಳಗೆ ದಾಳಗಳನ್ನು ಉರುಳಿಸಿ ಮುಂದಾಗಬಹುದಾದುದನ್ನು ಅಳೆಯುವ ಈ ಉಪಾಯವು ಮೊದಲು ಭೌತಶಾಸ್ತ್ರಕ್ಕೆ, ೧೯೭೭ರಲ್ಲಿ ಬಾಯ್ಲ್ ಎಂಬ ಪಂಡಿತನಿಂದ ಹಣಕಾಸಿನ ಕರಾರುಗಳ ಬೆಲೆ ಕಟ್ಟುವುದಕ್ಕೆ, ಹಾಗೆಯೇ ವೈದ್ಯಕ್ಕೂ ಬಂದಿತು. ಮಳೆ ಬಂದೀತೋ ಬಾರದೋ ಎಂದು ತಿಳಿಯದೆ ಬಿತ್ತುವ ರೈತನಿಗೆ ಇದರ ತಿರುಳು ಹೊಸತಲ್ಲ. ಒಂದು ವರ್ಷದ ಮಳೆಯನ್ನು ಯಾರೂ ಹೇಳಲಾರರು. ನೂರು ವರ್ಷದ ಮಳೆಯಲ್ಲಿ ಬರಗಾಲ ಎಷ್ಟೆಂದು ಎಣಿಸಿ, ಕಣಜದಲ್ಲಿ ಎಷ್ಟು ಇಡಬೇಕೆಂದು ಹೇಳಬಹುದು.

೨೦೨೦ರಲ್ಲಿ ಕೋವಿಡ್ ಮಹಾಮಾರಿ ಬಂದಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರೂ ಕೂಡಿ, ಬೆಂಗಳೂರು, ಮುಂಬಯಿ ನಗರಗಳ ಪ್ರತಿರೂಪವನ್ನು ಗಣಕಯಂತ್ರದಲ್ಲಿ ಕಟ್ಟಿದರು. ಒಂದು ಕೋಟಿಗೂ ಮಿಕ್ಕಿದ ಕಲ್ಪಿತ ನಗರವಾಸಿಗಳು, ಅವರ ಮನೆಗಳು, ಶಾಲೆಗಳು, ಕೆಲಸದ ಸ್ಥಳಗಳು ಎಲ್ಲವೂ ಅದರಲ್ಲಿ ಇದ್ದವು. ಶಾಲೆ ಮುಚ್ಚಿದರೆ ಏನು, ಕಚೇರಿ ತೆರೆದರೆ ಏನು ಎಂದು ಆ ಕಲ್ಪಿತ ನಗರದಲ್ಲಿ ಮೊದಲು ನೋಡಿ, ಅನಂತರ ಅಧಿಕಾರಿಗಳಿಗೆ ಸಲಹೆ ಕೊಡುವುದು ಇದರ ಉದ್ದೇಶ. ಇಂತಹ ಪ್ರತಿರೂಪವು ಭವಿಷ್ಯವಾಣಿಯಲ್ಲ. ಜನರು ಹೀಗೆ ನಡೆದುಕೊಂಡರೆ ಹೀಗಾಗಬಹುದು ಎಂಬ ಷರತ್ತಿನ ಮಾತು ಅದು. ಜನರ ನಡೆ ಬದಲಾದರೆ ಫಲವೂ ಬದಲಾಗುವುದು. ಬದಲಾಗಬೇಕೆಂಬುದೇ ಅದನ್ನು ಕಟ್ಟಿದವರ ಆಶಯ.

ಈಗ ಮತ್ತೆ ಕ್ಷಯಕ್ಕೆ ಹಿಂದಿರುಗೋಣ. ಔಷಧ ಉಂಟು, ಸರ್ಕಾರವು ಅದನ್ನು ಧರ್ಮಾರ್ಥವಾಗಿ ಕೊಡುತ್ತಿದೆ. ಪರೀಕ್ಷೆಯ ಉಪಕರಣಗಳೂ ಸುಧಾರಿಸಿವೆ. ಬೆಂಗಳೂರಿನ ಬಿಗ್‌ಟೆಕ್ ಎಂಬ ಪ್ರಯೋಗಾಲಯದಲ್ಲಿ ರೂಪುಗೊಂಡ ಟ್ರೂನ್ಯಾಟ್ ಎಂಬ ಸಣ್ಣ ಯಂತ್ರವು ಬ್ಯಾಟರಿಯ ಬಲದಿಂದಲೂ ನಡೆಯುವುದು. ಕಫದಲ್ಲಿನ ರೋಗಾಣುವಿನ ಗುರುತನ್ನು ಸುಮಾರು ಒಂದು ಗಂಟೆಯ ಅವಧಿಯಲ್ಲಿ ಹೇಳುವುದು. ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಅದಕ್ಕೆ ಮನ್ನಣೆಯಿತ್ತಿತು. ಇಷ್ಟಾದರೂ ರೋಗವು ಅಳಿದಿಲ್ಲ. ಅದೇ ಸಂಸ್ಥೆಯ ಅಂದಾಜಿನಂತೆ ಭಾರತದಲ್ಲಿ ೨೦೧೫ರಲ್ಲಿ ಲಕ್ಷ ಜನಕ್ಕೆ ೨೩೭ರಂತೆ ಹೊಸ ರೋಗಿಗಳಿದ್ದರು. ೨೦೨೪ರಲ್ಲಿ ಅದು ೧೮೭ಕ್ಕೆ ಇಳಿದಿದೆ. ಇಳಿಕೆಯೇನೋ ಸಂತೋಷದ ಸಂಗತಿ. ಆದರೆ ಕ್ಷಯವನ್ನು ೨೦೨೫ರೊಳಗೆ ಕೊನೆಗಾಣಿಸಬೇಕೆಂದು ದೇಶವು ಮಾಡಿದ್ದ ಸಂಕಲ್ಪಕ್ಕೆ ಅದು ಬಹು ದೂರ. ಔಷಧವೂ ಯಂತ್ರವೂ ಇದ್ದು ರೋಗವು ಏಕೆ ನಿಂತಿದೆ?

ಒಂದು ಕಾರಣ ಹಸಿವು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ವೈದ್ಯರಾದ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಎಂಬವರು ಇತರ ಸಂಶೋಧಕರೊಡಗೂಡಿ ಜಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ ಪರೀಕ್ಷೆ ನಡೆಸಿ, ೨೦೨೩ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ೨,೮೦೦ ರೋಗಿಗಳಿಗೆ ಔಷಧದೊಡನೆ ತಿಂಗಳು ತಿಂಗಳೂ ಆಹಾರಪದಾರ್ಥಗಳನ್ನು ಕೊಟ್ಟರು. ಅವರ ಮನೆಯವರು ಒಟ್ಟು ೧೦,೩೪೫ ಮಂದಿ. ಅವರಲ್ಲಿ ಒಂದು ಗುಂಪಿನವರಿಗೆ ತಲೆಗೆ ತಿಂಗಳಿಗೆ ೫ ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ಜೀವಸತ್ವದ ಗುಳಿಗೆಗಳು ದೊರೆತವು. ಇನ್ನೊಂದು ಗುಂಪಿನವರಿಗೆ ಇವು ಇರಲಿಲ್ಲ. ಕೊನೆಗೆ ಎಣಿಸಿ ನೋಡಲಾಗಿ, ಆಹಾರ ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯ ಬಂದವರ ಪ್ರಮಾಣವು ನೂರಕ್ಕೆ ೩೯ರಷ್ಟು ಕಡಮೆಯಾಗಿತ್ತು. ರೋಗಿಗಳಲ್ಲಿಯೂ, ಮೊದಲ ಎರಡು ತಿಂಗಳಲ್ಲಿ ಮೈತೂಕ ಚೆನ್ನಾಗಿ ಏರಿದವರು ಸಾಯುವ ಸಂಭವವು ಬಹಳ ಕಡಮೆಯೆಂದು ಕಂಡುಬಂದಿತು. ಹಿಂದಿನವರು ಆರೋಗ್ಯಧಾಮದಲ್ಲಿ ಒಳ್ಳೆಯ ಊಟಕ್ಕೆ ಕೊಟ್ಟಿದ್ದ ಬೆಲೆ ಸುಳ್ಳಲ್ಲವೆಂದು ಅಳತೆಯಿಂದ ಸಿದ್ಧವಾದಂತಾಯಿತು.

ಇಲ್ಲಿಗೆ ಗಣಕಯಂತ್ರವೂ ಹಣದ ಲೆಕ್ಕವೂ ಮತ್ತೆ ಬಂದು ಸೇರಿದವು. ಭಾರತದ ಕ್ಷಯರೋಗಿಗಳ ಮನೆಗಳಲ್ಲಿ ಅರ್ಧದಷ್ಟಕ್ಕೆ ಇಂತಹ ಆಹಾರ ದೊರೆತರೆ ಏನಾದೀತೆಂದು ಸಂಶೋಧಕರು 'ಕೆರೆಗಳ ಸಾಲಿನ' ಮಾದರಿಯಿಂದಲೇ ಲೆಕ್ಕಹಾಕಿ ೨೦೨೫ರಲ್ಲಿ ಪ್ರಕಟಿಸಿರುವರು. ೨೦೩೫ರೊಳಗೆ ಸುಮಾರು ೩ ಲಕ್ಷ ೬೦ ಸಾವಿರ ಮರಣಗಳೂ, ಸುಮಾರು ೮ ಲಕ್ಷ ೮೦ ಸಾವಿರ ಹೊಸ ರೋಗಗಳೂ ತಪ್ಪಬಹುದೆಂದು ಅವರ ಗಣನೆ. ಇಪ್ಪತ್ತನಾಲ್ಕು ಮನೆಗಳಿಗೆ ಆಹಾರ ಕೊಟ್ಟರೆ ಒಂದು ಪ್ರಾಣ ಉಳಿಯುವುದು. ಹತ್ತು ಮನೆಗಳಿಗೆ ಕೊಟ್ಟರೆ ಒಬ್ಬನಿಗೆ ರೋಗವೇ ಬಾರದು. ಖರ್ಚಿಗೆ ಹೋಲಿಸಿದರೆ ಇದು ಲಾಭದ ಕೆಲಸವೇ ಸರಿ ಎಂದು ಅವರ ನಿರ್ಣಯ. ಇದೂ ಷರತ್ತಿನ ಲೆಕ್ಕವೇ ಆದರೂ, ದಾಸೋಹದ ನೆಲೆಯಾದ ಮಠದ ಭಕ್ತರಿಗೆ ಇದರ ಅರ್ಥವನ್ನು ವಿವರಿಸಿ ಹೇಳಬೇಕಾದುದಿಲ್ಲ. ಹಸಿದವನಿಗೆ ಅನ್ನವಿಕ್ಕುವುದು ಪುಣ್ಯವೆಂದು ತಿಳಿದವರಿಗೆ, ಅದು ರೋಗವನ್ನು ತಡೆಯುವ ಗೋಡೆಯೂ ಹೌದೆಂದು ಶಾಸ್ತ್ರವು ಈಗ ಹೇಳುತ್ತಿದೆ.

ಇನ್ನೊಂದು ಕಾರಣ ಸಾಲ. ರೋಗದ ದೆಸೆಯಿಂದ ಮನೆಯ ವಾರ್ಷಿಕ ಆದಾಯದ ಐದನೆಯ ಒಂದು ಪಾಲನ್ನು ಮೀರಿ ನಷ್ಟವಾದರೆ ಅದನ್ನು ವಿಪತ್ತಿನ ವೆಚ್ಚವೆಂದು ವಿಶ್ವ ಆರೋಗ್ಯ ಸಂಸ್ಥೆಯು ಗಣಿಸುವುದು. ಒಂದು ಕೂಲಿಕುಟುಂಬದ ಆದಾಯವು ವರ್ಷಕ್ಕೆ ೧,೨೦,೦೦೦ ರೂಪಾಯಿ ಎಂದು ಭಾವಿಸಿದರೆ, ವಿಪತ್ತಿನ ಗೆರೆಯು ೨೪,೦೦೦ ರೂಪಾಯಿಗಳಲ್ಲಿ ಬೀಳುವುದು. ದಿನಕ್ಕೆ ೪೦೦ ರೂಪಾಯಿ ಕೂಲಿಯವನು ಅರುವತ್ತು ದಿನ ಮಲಗಿದರೆ ಅಷ್ಟೇ ಹಣ ಹೋಯಿತು. ಔಷಧಕ್ಕೆ ಕಾಸು ಕೊಡದಿದ್ದರೂ ಮನೆಯು ಮುಳುಗಿತು. ಸರ್ಕಾರವು ರೋಗಿಯ ಪೋಷಣೆಗೆಂದು ೨೦೧೮ರಿಂದ ತಿಂಗಳಿಗೆ ೫೦೦ ರೂಪಾಯಿಗಳನ್ನೂ, ೨೦೨೪ರ ನವೆಂಬರ್‌ನಿಂದ ೧,೦೦೦ ರೂಪಾಯಿಗಳನ್ನೂ ಕೊಡುವ ಏರ್ಪಾಡು ಮಾಡಿದೆ. ಆರು ತಿಂಗಳ ಚಿಕಿತ್ಸೆಗೆ ೬,೦೦೦ ರೂಪಾಯಿ. ಈ ಉದಾಹರಣೆಯ ನಷ್ಟದಲ್ಲಿ ಕಾಲುಭಾಗ. ಉಳಿದ ಮುಕ್ಕಾಲು ಭಾಗದ ಭಾರಕ್ಕೆ ಹೆಗಲು ಕೊಡುವವರು ಯಾರು? ಆ ಭಾರ ತಾಳಲಾರದೆ ರೋಗಿಯು ಎರಡು ತಿಂಗಳಿಗೆ ಸ್ವಲ್ಪ ಚೇತರಿಸಿಕೊಂಡೊಡನೆ ಔಷಧ ಬಿಟ್ಟು ಕೂಲಿಗೆ ಹೋಗುವನು. ಬಿಟ್ಟ ಔಷಧವೇ ರೋಗಾಣುವಿಗೆ ಗರಡಿಮನೆ. ಮುಂದೆ ಸಾಧಾರಣ ಮದ್ದಿಗೆ ಬಗ್ಗದ ಕ್ಷಯವು ಅಲ್ಲಿ ಬೆಳೆಯುವುದು. ಹೀಗೆ ಒಬ್ಬನ ಬಡತನವು ಇಡೀ ಊರಿನ ಅಪಾಯವಾಗಿ ಪರಿಣಮಿಸುವುದು.

ಮೂರನೆಯ ಕಾರಣ ನಾಚಿಕೆ. ಮಗಳ ಮದುವೆ ತಪ್ಪೀತು, ನೆಂಟರು ದೂರವಾದಾರು ಎಂದು ರೋಗವನ್ನು ಬಚ್ಚಿಡುವವರುಂಟು. ಬಚ್ಚಿಟ್ಟ ರೋಗವು ಲೆಕ್ಕಕ್ಕೆ ಬಾರದು. ಲೆಕ್ಕಕ್ಕೆ ಬಾರದ ರೋಗಕ್ಕೆ ಔಷಧವಾಗಲಿ ಹಣವಾಗಲಿ ಬಾರದು. ಅರುವತ್ತು ವರ್ಷಗಳ ಹಿಂದೆ ೧೧೯ ಗ್ರಾಮಗಳ ಜನರು ಅಪರಿಚಿತರ ಮುಂದೆ ತೋಳು ಚಾಚಿ, ಎದೆ ತೋರಿ, ನಿಜವನ್ನು ನುಡಿದದ್ದರಿಂದಲೇ ಈ ಶಾಸ್ತ್ರವು ಬೆಳೆಯಿತು. ಅವರ ಮೊಮ್ಮಕ್ಕಳ ಕಾಲದಲ್ಲಿ ನಿಜವನ್ನು ಮುಚ್ಚುವುದು ಆ ಹಿರಿಯರ ಋಣವನ್ನು ಮರೆತಂತೆ.

ಆದುದರಿಂದ ಭಕ್ತರೂ ಶಿಷ್ಯರೂ ಮಾಡಬಹುದಾದ ಕಾರ್ಯವು ಸ್ಪಷ್ಟವಾಗಿಯೇ ಇದೆ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಹೊತ್ತಿನ ಜ್ವರ, ಕಾರಣವಿಲ್ಲದೆ ಇಳಿಯುವ ಮೈತೂಕ, ಕಫದಲ್ಲಿ ರಕ್ತ ಇವುಗಳಲ್ಲಿ ಯಾವುದು ಕಂಡರೂ ಕೆಮ್ಮಿನ ಸೀಸೆಗೆ ತೃಪ್ತರಾಗದೆ, ಹತ್ತಿರದ ಸರ್ಕಾರಿ ಆರೋಗ್ಯಕೇಂದ್ರದಲ್ಲಿ ಕಫವನ್ನು ಪರೀಕ್ಷಿಸಬೇಕೆಂದು ಕೇಳಿಕೊಳ್ಳಬೇಕು. ಚಿಕಿತ್ಸೆ ಆರಂಭವಾದ ಮೇಲೆ, ಮೈ ಹಗುರವಾಯಿತೆಂದು ನಡುವೆ ಬಿಡದೆ, ವೈದ್ಯರು ಹೇಳಿದ ಕೊನೆಯ ದಿನದವರೆಗೂ ಔಷಧ ಸೇವಿಸಬೇಕು. ರೋಗಿಯಿರುವ ಮನೆಯನ್ನು ದೂರಮಾಡದೆ ಆ ಮನೆಯ ಮಕ್ಕಳನ್ನೂ ಮುದುಕರನ್ನೂ ಪರೀಕ್ಷೆಗೆ ಕರೆದೊಯ್ಯಬೇಕು. ೨೦೨೨ರ ಸೆಪ್ಟೆಂಬರ್‌ನಲ್ಲಿ ಸರ್ಕಾರವು ನಿಕ್ಷಯ ಮಿತ್ರ ಎಂಬ ಹೆಸರಿನಲ್ಲಿ ಒಂದು ಏರ್ಪಾಡನ್ನು ತಂದಿತು. ವ್ಯಕ್ತಿಗಳಾಗಲಿ, ಸಂಘಗಳಾಗಲಿ, ಧರ್ಮಸಂಸ್ಥೆಗಳಾಗಲಿ ರೋಗಿಗಳ ಆಹಾರದ ಹೊಣೆಯನ್ನು ವಹಿಸಿಕೊಳ್ಳುವುದಕ್ಕೆ ಅದರಲ್ಲಿ ಅವಕಾಶವುಂಟು. ಹೋಬಳಿಯ ಯಾವ ಮನೆಯಲ್ಲಿ ರೋಗಿಯಿರುವನು, ಆ ಮನೆಗೆ ಈ ತಿಂಗಳು ಅಕ್ಕಿಬೇಳೆ ತಲಪಿತೇ, ರೋಗಿಯ ತೂಕ ಎಷ್ಟು ಏರಿತು ಎಂದು, ರೋಗಿಯ ಮಾನ ಕಾಯ್ದು, ಒಂದು ಪುಸ್ತಕದಲ್ಲಿ ಬರೆದಿಡುವಷ್ಟು ಲೆಕ್ಕವನ್ನು ಊರಿನ ಓದಿದ ತರುಣನೊಬ್ಬನು ಮಾಡಬಲ್ಲನು. ಲೆಕ್ಕವಿಲ್ಲದ ದಾನವು ಬೇಕಾದವನಿಗೆ ಸಲ್ಲಿತೋ ಇಲ್ಲವೋ ತಿಳಿಯದು. ದಾನವಿಲ್ಲದ ಲೆಕ್ಕವು ಬರಿಯ ಕಾಗದ.

ಇದಕ್ಕೆ ದೊಡ್ಡ ಯಂತ್ರ ಬೇಕಾಗಿಲ್ಲ. ವಿದ್ವಾಂಸರ ಯಂತ್ರಗಳು ಹೇಳಬೇಕಾದುದನ್ನು ಆಗಲೇ ಹೇಳಿವೆ: ಬೇಗ ಪರೀಕ್ಷೆ, ಪೂರ್ಣ ಚಿಕಿತ್ಸೆ, ಹೊಟ್ಟೆ ತುಂಬ ಅನ್ನ. ಈ ಮೂರೂ ಕೂಡಿದಲ್ಲಿ ಕ್ಷಯವು ನಿಲ್ಲಲಾರದು. ಅಂದು ನೂರರಲ್ಲಿ ನಲವತ್ತೊಂಬತ್ತು ಮಂದಿಯನ್ನು ಕಳೆದುಕೊಂಡು ಲೋಕಕ್ಕೆ ಲೆಕ್ಕವನ್ನು ಕೊಟ್ಟ ಜಿಲ್ಲೆಯ ಹಳ್ಳಿಗಳಲ್ಲಿ, ಮುಂದೆ ಒಬ್ಬನೂ ಹಸಿವಿನಿಂದಲೋ ನಾಚಿಕೆಯಿಂದಲೋ ಸಾಲದ ಭಯದಿಂದಲೋ ಈ ರೋಗಕ್ಕೆ ಬಲಿಯಾಗದಿರಲಿ. ಋಣವು ತೀರುವ ಬಗೆ ಅದೇ. ಮಹೋತ್ಸವದ ನೆನಪಿಗೆ ಭಕ್ತಸಮುದಾಯವು ಕೈಗೊಳ್ಳಬಹುದಾದ ಸಂಕಲ್ಪಗಳಲ್ಲಿ ಇದಕ್ಕೂ ಒಂದು ಸ್ಥಾನ ದೊರೆಯಲಿ.